ಚಿಲಕ ಒಳಗಿರಬೇಕು

ನಾನು ಓದಿದ್ದು ಎರಡನೇ ಇಯತ್ತೆ. ಆದರೂ ಸ್ಪೇನ್ ದೇಶದ ಒಂದು ಮಾತು ನನಗೆ ಗೊತ್ತು: ರೆಕೊಹಿಮಿಯೆಂತೊ. ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಕ್ರೈಸ್ತ ಸನ್ಯಾಸಿನಿ ಸಿಸ್ಟರುಗಳ ಮನೆಯಲ್ಲಿ ಅಡುಗೆ ಮಾಡುತ್ತ ಕಲಿತೆ. ಅಲ್ಲಿದ್ದ ಸ್ಪೇನಿನ ಮುದುಕಿ ಸಿಸ್ಟರ್ ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಬ್ಬರೇ ಕೂರುತ್ತಿದ್ದರು. ಏನೋ ತಪ್ಪಿಗೆ ಶಿಕ್ಷೆ ಇರಬೇಕೆಂದು ತಿಳಿದು ನಾನು ಬಾಗಿಲು ಬಡಿದು ಚಹಾ ಕೊಡುತ್ತಿದ್ದೆ.

ನಾಲ್ಕನೇ ದಿನ ಅವರು ಚಹಾ ಮುಟ್ಟಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದೊಯ್ದು, ಒಣಗಿದ ಬಟ್ಟೆಗಳನ್ನು ಹಗ್ಗದಿಂದ ಒಂದೊಂದಾಗಿ ತೆಗೆದು ತೋಳಿನ ಮೇಲೆ ಹಾಕಿಕೊಂಡರು. ಹೀಗೆ ಕೂಡಿಸುವುದರಿಂದಲೇ ಆ ಮಾತು ಹುಟ್ಟಿದ್ದಂತೆ. ಚೆಲ್ಲಿಹೋದ ಮನಸ್ಸನ್ನು ಕೂಡಿಸಿಕೊಂಡು ಏಕಾಂತದಲ್ಲಿ ಕೂರುವುದಕ್ಕೆ ಹಾಗನ್ನುತ್ತಾರಂತೆ.

‘ಚಿಲಕ ನಾನ ಹಾಕ್ತೀನಿ, ನಾನ ತೆಗೀತೀನಿ. ಇಲ್ಲಾಂದ್ರ ಅದು ಜೇಲು,’ ಎಂದರು.

ಹೋದ ವರ್ಷ ಖಾನಾಪುರದ ಮನೆಯಲ್ಲಿ ನನ್ನ ಗಂಡ ಸತ್ತ. ವಿಧವೆ ಒಂದು ವರ್ಷ ಮೂಲೆ ಕೋಣೆ ಬಿಟ್ಟು ಬರಬಾರದೆಂಬುದು ಆ ಮನೆಯ ರೂಢಿ. ಮೊದಲಿನ ಹದಿಮೂರು ದಿನ ನಾನಾಗಿಯೇ ಕುಳಿತೆ. ನನಗೂ ಬೇಕಾಗಿತ್ತು. ತಿಂಗಳಾದ ಮೇಲೆ ಕ್ಯಾಂಪಿಗೆ ಕೆಲಸಕ್ಕೆ ಹೊರಡುತ್ತೇನೆಂದೆ. ಗಂಡನ ಅಣ್ಣ ಹೊರಗಿನಿಂದ ಚಿಲಕ ಹಾಕಿದ.

ಮರುದಿನ ಅವನ ಹೆಂಡತಿ ಊಟ ತಂದಾಗ ಅವಳನ್ನು ಸರಿಸಿ ಪಡಸಾಲೆಗೆ ಬಂದೆ. ಸಿಸ್ಟರ್ ಹೇಳಿಕೊಟ್ಟ ಮಾತನ್ನು ಬಾವನಿಗೆ ಬಿಡಿಸಿ ಹೇಳಿದೆ. ಅವನು ನಕ್ಕ.

‘ಇಲ್ಲಿ ಕನ್ನಡ, ಮರಾಠಿನ ಹೊಂದಂಗಿಲ್ಲ. ನಡುವ ನಿನ್ನ ಸ್ಪೇನ್ ಯಾಕವಾ?’

‘ಹಂಗಾರ ಕನ್ನಡದಾಗ ಕೇಳ್ರಿ ಬಾವಾರ. ಚಿಲಕ ಒಳಗ ಹಾಕಸ್ರಿ, ಒಂದಲ್ಲ, ಎರಡು ವರ್ಷ ಕುಂದರ್ತೀನಿ. ಹೊರಗಿದ್ರ ಒಂದು ತಾಸೂ ಕುಂದ್ರಂಗಿಲ್ಲ.’

ಮಂದಿ ಏನಂದಾರು ಎಂದಳು ಅವನ ಹೆಂಡತಿ. ಮಂದಿಯನ್ನೇ ಹೋಗಿ ಕೇಳು ಎಂದೆ. ಬಾವ ಚಿಲಕ ಒಳಗೆ ಹಾಕಿಸಲು ಒಪ್ಪಲಿಲ್ಲ. ಬಾಗಿಲಿಗೆ ಅಡ್ಡವೂ ಬರಲಿಲ್ಲ. ಓಣಿಯ ಮಂದಿ ಆಗಲೇ ಇಣುಕುತ್ತಿದ್ದರು. ಚಪ್ಪಲಿ ಮೆಟ್ಟಿ ಹೊರಟೆ.

ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸರ ಪುಕ್ಕಟೆ ಟಿಕೆಟಿಗೆ ಆಧಾರ್ ಕಾರ್ಡು ಕೇಳಿದ. ಅದು ಬಾವನ ಟ್ರಂಕಿನಲ್ಲಿತ್ತು. ಮನೆ ಹತ್ತಿರವಿದ್ದರೆ ತಂದುಬಿಡು ಆಯಿ, ಬಸ್ಸು ಇನ್ನೂ ಹತ್ತು ನಿಮಿಷ ನಿಲ್ಲುತ್ತದೆ ಎಂದ. ಒಳ್ಳೆಯ ಹುಡುಗ. ಮನೆ ಹತ್ತಿರವೇ ಇತ್ತು. ನಾನು ಇಳಿಯಲಿಲ್ಲ. ರೊಕ್ಕ ಕೊಟ್ಟು ಬೆಳಗಾವಿಗೆ ಟಿಕೆಟ್ ಹರಿಸಿದೆ.