ಕೊಯ್ಲು ಮುಗಿಯಲಿ ಎಂದ ಲೆನೋರ್

ಗಂಡನನ್ನು ಬಿಡುತ್ತೇನೆ ಎಂಬುದನ್ನು ಲೆನೋರ್ ಪಾಸ್ಕೋ ಮೊದಲು ಹೇಳಿದ್ದು ಗಂಡನಿಗೇ. ಅದೂ ಕೊಯ್ಲಿಗೆ ಮುಂಚೆ. ಅಷ್ಟೊಂದು ಒಳ್ಳೆಯತನ ಯಾರಿಗೆ ಬೇಕಾಗಿತ್ತು?

ಆದರೆ ಕುಲ್ಬಿನ್ ಸುತ್ತಿನ ಗೋಧಿ ಸೀಮೆಯಲ್ಲಿ ಬೆಳೆದವಳಿಗೆ ಬೇರೆ ದಾರಿಯೂ ಹೊಳೆಯುವಂತಿರಲಿಲ್ಲ. ನವೆಂಬರ್, ಡಿಸೆಂಬರಿನ ಕೊಯ್ಲಿನ ಹೊತ್ತಿನಲ್ಲಿ ಅಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಮಂಡಿ ಆಪರೇಷನ್ ಮಾಡಿಸಿಕೊಳ್ಳುವುದಿಲ್ಲ. ಸಾಯುವವರು ಕೂಡ ಕ್ರಿಸ್‌ಮಸ್ ತನಕ ತಡೆದುಕೊಂಡರೆ ಚೆನ್ನ ಎಂಬ ಭಾವನೆ. ಫಸಲು ಹೊಲದಲ್ಲಿ ನಿಂತಿರುವಾಗ ಮನೆ ಬಿಟ್ಟ ಹೆಂಗಸನ್ನು ಊರು ಮೂರು ತಲೆಮಾರು ಆಡಿಕೊಳ್ಳುತ್ತದೆ.

ಗ್ರಾಂಟ್ ಕೈಯೆತ್ತುವ ಗಂಡಸಲ್ಲ. ಕುಡುಕನಲ್ಲ. ಸಿಟ್ಟು ಬಂದರೆ ಮಾತು ನಿಲ್ಲಿಸುತ್ತಿದ್ದ, ಅಷ್ಟೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಒಮ್ಮೆ ಒಂದು ತಿಂಗಳ ಮೇಲೆ ಹತ್ತು ದಿನ ಲೆನೋರ್ ಜೊತೆ ತುಟಿ ಬಿಚ್ಚಿರಲಿಲ್ಲ. ಕಾರಣ, ಅವಳು ಶೆಡ್ಡಿನ ಬಾಗಿಲಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿದ್ದಳಂತೆ. ಅದನ್ನೆಲ್ಲ ಅವಳು ಹಲ್ಲು ಕಚ್ಚಿ ಸಹಿಸಿದಳು. ಆ ಸೆಪ್ಟೆಂಬರಿನಲ್ಲಿ ಎಂಟು ವರ್ಷದ ಮಗಳು ಟಿಲ್ಲಿ ಅವನ ಕಾಗದಗಳ ಮೇಲೆ ಹಾಲು ಚೆಲ್ಲಿದಳು. ಮೂರು ದಿನ ಅವನ ಪಾಲಿಗೆ ಮಗಳೇ ಇರಲಿಲ್ಲ. ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಅವನ ಬೂಟಿನೊಳಗೆ ಒಂದು ಚೀಟಿ ಲೆನೋರ್‌ಗೆ ಸಿಕ್ಕಿತು: "ಅಪ್ಪ, ನಾನು ಇನ್ನೂ ಇದೀನಿ." ಮಗಳನ್ನು ಇಲ್ಲಿಂದ ಹೊರಗೆ ಕರೆದುಕೊಂಡು ಹೋಗಬೇಕು ಎಂದು ಅವಳು ಅವತ್ತೇ ತೀರ್ಮಾನಿಸಿದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ.

"ನಂಗೆ ಸಾಕಾಗಿದೆ ಗ್ರಾಂಟ್. ಕೊಯ್ಲು ಮುಗೀಲಿ, ಆಮೇಲೆ ಲಾಯರ್‌ನ ನೋಡ್ತೀನಿ" ಎಂದಳು, ಊಟದ ಮೇಜಿನಲ್ಲಿ.

ಗ್ರಾಂಟ್ ಕುರಿಮಾಂಸದ ತುಂಡನ್ನು ಕತ್ತರಿಸುತ್ತಲೇ, "ಆಗ್ಲಿ, ಮುಗೀಲಿ" ಎಂದ.

ಅವಳು ಅದನ್ನು ಒಪ್ಪಂದವೆಂದು ತಿಳಿದಳು. ಬೆಳಿಗ್ಗೆ ಸಂಜೆ ಎಂದಿನಂತೆ ಊರಿನ ಸ್ಕೂಲ್ ಬಸ್ಸು ಓಡಿಸಿದಳು. ಆಮೇಲೆ ಕೊಯ್ಲುಯಂತ್ರದಲ್ಲಿ ಕೂತವನಿಗೆ ಹೊಲಕ್ಕೇ ಬಿಸಿ ಊಟ ಒಯ್ದಳು. ಆ ವರ್ಷ ನಡುನಡುವೆ ಮಳೆ ಬಂತು. ಕಾಳು ಒದ್ದೆಯಾದರೆ ಕೊಯ್ಯುವ ಹಾಗಿಲ್ಲ. ಅಂಥ ದಿನ ಗ್ರಾಂಟ್ ತೊಳೆದ ಅಂಗಿ ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದ. ಯಂತ್ರಕ್ಕೆ ಬೆಲ್ಟು ತರಲು ಹೊರಟಿದ್ದಾನೆ ಎಂದುಕೊಂಡಳು. ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳೂ ಅವಳೇ.

ಕೊಯ್ಲು ಮುಗಿದು, ಜನವರಿಯಲ್ಲಿ ಪೇಟೆಯ ಬೇಕರಿಯ ಗೆಳತಿ ಬಾರ್ಬ್ ತನ್ನ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟಳು. ಅಲ್ಲಿದ್ದದ್ದು ಒಂದೇ ಮಂಚ. ಮಗುವಿಗೆ ರಜೆ. ಅವಳ ಕುದುರೆಮರಿ, ನಾಯಿ ಎಲ್ಲ ಇದ್ದದ್ದು ಹೊಲದ ಮನೆಯಲ್ಲೇ. ಎರಡು ವಾರ ಅಲ್ಲೇ ಇರಲಿ, ಮನೆ ಹುಡುಕಿ ಕರೆಸಿಕೊಳ್ಳುತ್ತೇನೆ ಎಂದು ಲೆನೋರ್ ಒಬ್ಬಳೇ ಹೊರಬಂದಳು.

ಮಾರನೆಯ ದಿನ ಓರ್ಮ್ಸ್‌ಬಿ ವಕೀಲರ ಬಾಗಿಲಿಗೆ ಹೋದಳು. ಆಕೆಯ ಅಪ್ಪನ ಉಯಿಲು ಬರೆದವರು, ಮದುವೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವರು. ಮುದುಕ ಕುರ್ಚಿ ತೋರಿಸಲಿಲ್ಲ.

"ಕೂತ್ಕೋಬೇಡ ಕಣಮ್ಮ. ಒಂದು ಮಾತೂ ಆಡ್ಬೇಡ. ಗ್ರಾಂಟ್ ನವೆಂಬರ್‌ನಲ್ಲೇ ಬಂದಿದ್ದ. ಅವನ ಕಡೆ ವಿಚಾರ ಎಲ್ಲ ಕೇಳಿದೀನಿ. ಒಂದು ಕಡೆಯವರ ಗುಟ್ಟು ಕೇಳಿದ ವಕೀಲ ಎದುರು ಕಡೆ ನಿಲ್ಲೋ ಹಾಗಿಲ್ಲ, ಇನ್ನು ನಿನ್ನ ಕೇಸು ನಾನು ಮುಟ್ಟೋ ಹಾಗಿಲ್ಲ."

"ನೀವು ಅವನ ಲಾಯರ್ರಾ?"

"ಅದನ್ನೂ ಹೇಳೋ ಹಾಗಿಲ್ಲ" ಎಂದು ಮುದುಕ ಕಿಟಕಿಯ ಕಡೆ ತಿರುಗಿದ.

ಎರಡನೆಯವರ ಬಳಿಯೂ ಅದೇ ಮಾತು. ಮೂರನೆಯವರೂ ಬಾಗಿಲಲ್ಲೇ ತಡೆದರು. ಕುಲ್ಬಿನ್‌ನಲ್ಲಿ ಇರುವುದೇ ನಾಲ್ವರು ವಕೀಲರು. ನಾಲ್ಕನೆಯ ಕಚೇರಿಯ ಗುಮಾಸ್ತೆ ಹೆಸರು ಕೇಳಿದ್ದೇ ತಲೆ ತಗ್ಗಿಸಿದಳು. ಮಳೆ ಬಂದದ್ದೂ ನಾಲ್ಕು ದಿನ. ಲೆನೋರ್‌ಗೆ ಆಗ ಲೆಕ್ಕ ಹೊಂದಿಕೊಂಡಿತು. ಅವನು ದಿನಕ್ಕೊಬ್ಬರ ಎದುರು ಅರ್ಧ ಗಂಟೆ ಕೂತು, ತನ್ನ ಸಂಸಾರದ ಕಥೆ ಹೇಳಿ, ಊರಿನ ಎಲ್ಲ ಬಾಗಿಲನ್ನೂ ಹೆಂಡತಿಗೆ ಮುಚ್ಚಿಸಿದ್ದ. ಮನೆಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದ ಮಹಾನುಭಾವ!

"ಅಯ್ಯೋ ದಡ್ಡಿ, ಅವನಿಗ್ಯಾಕೆ ಮೊದ್ಲೇ ಹೇಳ್ದೆ?" ಎಂದು ಬಾರ್ಬ್ ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡಳು.

"ಕೊಯ್ಲಿತ್ತಲ್ಲೇ."

"ಕೊಯ್ಲಂತೆ! ಕೊಯ್ದ ನೋಡು, ಚೆನ್ನಾಗಿ."

ಪಕ್ಕದ ಊರಿನ ವಕೀಲರು ಜೂನ್ ತನಕ ಹೊಸ ಕೇಸು ಹಿಡಿಯುವುದಿಲ್ಲ ಎಂದರು. ಕೊನೆಗೆ ನಾನೂರು ಕಿಲೋಮೀಟರ್ ಆಚೆ, ಅಡಿಲೇಡ್ ನಗರದಲ್ಲಿ, ಸೌಲಾ ಕರಾಸ್ ಎಂಬ ವಕೀಲೆ ಒಪ್ಪಿಕೊಂಡಳು. ಅಷ್ಟರಲ್ಲಿ ಮಾರ್ಚ್ ಅರ್ಧ ಕಳೆದಿತ್ತು. ಮಾತೆಲ್ಲ ಫೋನಿನಲ್ಲೇ. ಗಟ್ಟಿ ಗಂಟಲಿನ ಹೆಂಗಸು, ಮುಲಾಜು ಗೊತ್ತಿಲ್ಲ.

"ಮಗು ಎಲ್ಲಿದೆ?"

"ಹೊಲದ ಮನೇಲಿ. ಸ್ಕೂಲ್ ಶುರುವಾದ ದಿನ ಕರ್ಕೊಂಡ್ ಬರೋಕೆ ಹೋಗಿದ್ದೆ. ಅವನು ಗೇಟಿಗೆ ಅಡ್ಡ ನಿಂತ. ಮಗು ಮುಂದೆ ಎಳೆದಾಟ ಬೇಡ ಅಂತ ವಾಪಸ್ ಬಂದೆ. ಎರಡು ಸಲ."

"ಲೆನೋರ್, ನೀನು ಒಳ್ಳೆಯವಳು. ಅದೇ ನಂಗೆ ಕಷ್ಟ. ನೀನು ಜಡ್ಜ್ ಮುಂದೆ ಹೋಗೋ ಹೊತ್ತಿಗೆ ಆ ಮಗು ನಾಲ್ಕು ತಿಂಗಳು ಅಪ್ಪನ ಜೊತೆ ಇದ್ದಿರುತ್ತೆ. ಇದ್ದ ಹಾಗೇ ಇರ್ಲಿ ಅಂತಾರೆ, ಸುಲಭ ಅಲ್ವಾ."

"ಅವನು ಮಗು ಜೊತೆ ಮಾತಾಡಲ್ಲ ಅಂತ ಹೇಳಿ."

"ಹೇಳ್ತೀನಿ. ನಂಬೋ ಹಾಗೆ ಹೇಳೋದು ಹೇಗೆ ಅಂತ ಯೋಚಿಸ್ತಿದೀನಿ."

ಮೇ ತಿಂಗಳಲ್ಲಿ ಮೊದಲ ವಿಚಾರಣೆಯಾಯಿತು. ಸೌಲಾ ಬೂಟಿನ ಚೀಟಿಯ ವಿಷಯ ಹೇಳಿದಳು. ಚೀಟಿ ಎಲ್ಲಿ ಎಂದು ಜಡ್ಜ್ ಕೇಳಿದರು. ಅದು ಲೆನೋರ್ ಬಳಿ ಇರಲಿಲ್ಲ. ಅವನು ಓದಲಿ, ಕರಗಲಿ ಎಂದು ಅವತ್ತು ಬೂಟಿನಲ್ಲೇ ಬಿಟ್ಟಿದ್ದಳು. ಗ್ರಾಂಟ್‌ನ ವಕೀಲ, ಓರ್ಮ್ಸ್‌ಬಿಯ ಕಚೇರಿಯವನೇ, ಮೆಲ್ಲಗೆ ಎದ್ದು ನಿಂತ. ಮಗುವಿನ ಕೋಣೆ, ನಾಯಿ, ಕುದುರೆಮರಿ, ಶಾಲೆಯ ಹಾಜರಿ ಎಲ್ಲವನ್ನೂ ವಿವರಿಸಿದ. ತಾಯಿಯನ್ನು ಮಗುವಿನಿಂದ ದೂರ ಮಾಡುತ್ತಿಲ್ಲ ಸ್ವಾಮಿ, ಬಸ್ಸು ಓಡಿಸುವವರೇ ತಾಯಿ, ದಿನಕ್ಕೆರಡು ಸಲ ಐವತ್ತೈವತ್ತು ನಿಮಿಷ ಜೊತೆಗಿರುತ್ತಾರೆ ಎಂದ.

ಜಡ್ಜ್ ಕೆಟ್ಟವರೇನಲ್ಲ. ಲೆನೋರ್ ಕಡೆ ನೋಡಿ ಮೃದುವಾಗಿಯೇ ಮಾತಾಡಿದರು. ಮಗು ಒಂದು ಕಡೆ ನೆಲೆಯೂರಿದೆ, ಅಂತಿಮ ವಿಚಾರಣೆಯ ತನಕ ಅಲ್ಲಾಡಿಸುವುದು ಬೇಡ. ತಾಯಿಗೆ ವಾರ ಬಿಟ್ಟು ವಾರ ಶನಿವಾರ, ಭಾನುವಾರ. ಅಂತಿಮ ವಿಚಾರಣೆಗೆ ಇನ್ನೂ ಹದಿನಾಲ್ಕು ತಿಂಗಳಿತ್ತು.

"ಆದೇಶ ಮೀರ್ಬೇಡ" ಎಂದು ಸೌಲಾ ಕೋರ್ಟಿನ ಮೆಟ್ಟಿಲ ಮೇಲೆ ಅವಳ ತೋಳು ಹಿಡಿದು ಹೇಳಿದಳು. "ಒಂದ್ಸಲ ಮೀರಿದ್ರೂ ಅವನಿಗೆ ಹಬ್ಬ. ಏನೇ ಆದ್ರೂ ಬಸ್ಸು ಅದರ ದಾರೀಲೇ ಹೋಗ್ಬೇಕು. ಗೊತ್ತಾಯ್ತಾ?"

ಲೆನೋರ್ ತಲೆಯಾಡಿಸಿದಳು. ಹೇಳಿದ್ದನ್ನು ಮಾಡುವುದರಲ್ಲಿ ಅವಳಿಗೆ ಸರಿಸಾಟಿ ಇಲ್ಲ.

ಮುಂದಿನ ಗುರುವಾರ ಸಂಜೆ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಇಳಿದು, ಕೊನೆಯ ನಿಲುಗಡೆಗೆ ಟಿಲ್ಲಿ ಒಬ್ಬಳೇ ಉಳಿದಳು. ಎದ್ದು ಬಂದು ಅಮ್ಮನ ಸೀಟಿನ ಕಂಬಿ ಹಿಡಿದು ನಿಂತಳು.

"ಅಮ್ಮ, ಅಪ್ಪ ಭಾನುವಾರದಿಂದ ಮಾತಾಡ್ತಿಲ್ಲ."

"ಏನಾಯ್ತು ಪುಟ್ಟಿ?"

"ಗೊತ್ತಿಲ್ಲ. ನಾನೇನ್ ಮಾಡ್ದೆ ಅಂತ ಯೋಚಿಸ್ತಾನೇ ಇದೀನಿ, ಹೊಳೀತಿಲ್ಲ. ಇವತ್ತು ನಿನ್ ಜೊತೆ ಬರ್ಲಾ?"

ಹೊಲದ ಮನೆಯ ಗೇಟು ಬಂತು. ದೂರದಲ್ಲಿ ಶೆಡ್ಡಿನ ಮುಂದೆ ಗ್ರಾಂಟ್ ಟ್ರ್ಯಾಕ್ಟರಿನ ಮೇಲೆ ಬಗ್ಗಿದ್ದ, ತಲೆ ಎತ್ತಲಿಲ್ಲ. ಗೇರು ಬದಲಾಯಿಸಿದರೆ ಸಾಕು, ಬಸ್ಸು ಮುಂದೆ ಹೋಗುತ್ತದೆ. ಅವಳು ಎಂಜಿನ್ ಆರಿಸಿದಳು. ಗುಂಡಿ ಒತ್ತಿದಳು, ಬಾಗಿಲು ತೆರೆಯಿತು.

"ಇವತ್ತಾಗಲ್ಲ ಚಿನ್ನ. ಶನಿವಾರಾನೂ ಅಲ್ಲ, ಅದರ ಮುಂದಿನ ಶನಿವಾರ. ಬೆಳಿಗ್ಗೆ ಬಸ್ಸಲ್ಲಿ ಸಿಗ್ತೀನಲ್ಲ."

ಟಿಲ್ಲಿ ಅವಳನ್ನೇ ಒಂದು ಕ್ಷಣ ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು.

ಮಾರನೆಯ ಬೆಳಿಗ್ಗೆ ಲೆನೋರ್ "ಬಾ ಪುಟ್ಟಿ" ಎಂದು ಕರೆದಳು. ಟಿಲ್ಲಿ ಬಸ್ಸು ಹತ್ತಿ, ಅಮ್ಮನನ್ನು ದಾಟಿ, ಹಿಂದಿನ ಸೀಟಿಗೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸಂಜೆ ಇಳಿಯುವಾಗಲೂ ಅವಳು ಮಾತಾಡಲಿಲ್ಲ.