ನಡುಗೋಡೆಯ ಆಚೆಗಿನ ಗಿರಣಿ

ನಮ್ಮ ಕಾಕಾ ತನ್ನ ಪಡಸಾಲೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ದೇಶದಲ್ಲಿ ಯಾರೂ ಬಾಯಿ ತೆರೆಯಬಾರದು ಎಂದು ಸರಕಾರ ಹೇಳಿದ್ದ ಕಾಲದಲ್ಲಿ. ಖಾನಾಪುರದ ನಮ್ಮ ಮನೆ ಮೊದಲು ಒಂದೇ ಆಗಿತ್ತು. ಅಜ್ಜ ತೀರಿಕೊಂಡ ಮೇಲೆ ಅಪ್ಪನೂ ಅವನ ತಮ್ಮನಾದ ಈ ಕಾಕಾನೂ ನಡುವೆ ಗೋಡೆ ಎಬ್ಬಿಸಿ ಅದನ್ನು ಎರಡು ಮಾಡಿಕೊಂಡಿದ್ದರು. ಗೋಡೆಯ ಆಚೆಗೆ ಮೋಟಾರು ಬಂತು. ಈಚೆಗೆ ನಮ್ಮ ಅಡುಗೆಮನೆ.

ಉದ್ಘಾಟನೆಗೆ ಕಾಕಾನ ಪಕ್ಷದ ಪುಢಾರಿಯೊಬ್ಬ ಬಂದಿದ್ದ. ರಿಬ್ಬನ್ ಕತ್ತರಿಸಿ, ಈ ಓಣಿಗೆ ಪ್ರಗತಿ ಕಾಲಿಟ್ಟಿತು, ಇನ್ನು ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ಬೆವರು ಸುರಿಸಬೇಕಿಲ್ಲ ಎಂದ. ನಮ್ಮ ಓಣಿಯ ಹೆಣ್ಣುಮಕ್ಕಳು ಬೀಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಪೇಟೆಯಲ್ಲಿ ಆಗಲೇ ಗಿರಣಿಗಳಿದ್ದವು. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಸುಮ್ಮನೆ ಕೈ ಕಟ್ಟಿಕೊಂಡು ನಿಲ್ಲುವುದಕ್ಕೂ ಧೈರ್ಯ ಬೇಕಿತ್ತು.

ಪ್ರಗತಿ ಬೆಳಗಿನ ಜಾವಕ್ಕೇ ಏಳುತ್ತಿತ್ತು. ಮೋಟಾರಿನ ಪಟ್ಟಾ ತಿರುಗತೊಡಗಿದರೆ ನಮ್ಮ ಅಡುಗೆಮನೆಯ ಮಾಡದಲ್ಲಿದ್ದ ತಾಟುಗಳೆಲ್ಲ ಗಲಗಲ ಎನ್ನುತ್ತಿದ್ದವು. ಗೋಡೆಯ ಮೇಲಿನ ಸಂದಿಯಿಂದ ಹಿಟ್ಟಿನ ಧೂಳು ಇಳಿದು ಹಾಲಿನ ಪಾತ್ರೆಯ ಮೇಲೆ, ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು. ಖಾರ ಕುಟ್ಟುವ ಯಂತ್ರವೂ ಬಂದ ಮೇಲೆ ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಹೊಸ ಯಂತ್ರ ಬಂದಾಗಲೆಲ್ಲ ಅದು ಯಾರ ಕೆಲಸ ಹಗುರ ಮಾಡಿತು ಎಂದು ಜನ ಹೇಳುತ್ತಾರೆ. ಯಾರ ಗೋಡೆಗೆ ಒರಗಿಕೊಂಡು ನಿಂತಿತು ಎಂದು ಯಾರೂ ಕೇಳುವುದಿಲ್ಲ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಜಗಳವೆಂದರೆ ಮೈ ಬೆವರುವ ಮನುಷ್ಯ. ಒಂದು ದಿನ ಅವ್ವನ ಒತ್ತಾಯಕ್ಕೆ ತಮ್ಮನ ಬಾಗಿಲಿಗೆ ಹೋಗಿ ನಿಂತ.

“ತಮ್ಮಾ, ಗ್ವಾಡಿ ಬಿರುಕು ಬಿಟ್ಟೈತಿ. ಮೋಟಾರ್ ಆ ಬಾಜುಕ ಸರಸು.”

“ಆ ಬಾಜುಕ ರಸ್ತೆ ಐತಿ ಅಣ್ಣಾ. ಗಿರಾಕಿ ಎಲ್ಲಿ ನಿಂದರಬೇಕು? ನಿಮಗ ತ್ರಾಸ ಆಗತಿದ್ರ ಅಡಗಿಮನಿನ ಮುಂದ ಮಾಡ್ಕೋರಿ.”

ಅಪ್ಪ ಮರಳಿ ಬಂದು ಒಂದು ಅರ್ಜಿ ಬರೆದ. ತಮ್ಮನ ಮುಂದೆ ಏಳದ ದನಿ ಸರಕಾರದ ಮುಂದೆ ಏಳುತ್ತದೆ ಎಂಬುದು ಅವನ ನಂಬಿಕೆ. ಬಹಳ ದಿನ ಕಾಯಿಸಿ ಒಬ್ಬ ಅಧಿಕಾರಿ ಬಂದ. ಅಂದು ಗಿರಣಿ ಮುಚ್ಚಿತ್ತು. ಅಧಿಕಾರಿ ಮೊದಲು ಕಾಕಾನ ಮನೆಯಲ್ಲಿ ಚಹಾ ಕುಡಿದು, ಆಮೇಲೆ ನಮ್ಮ ಅಡುಗೆಮನೆಗೆ ಬಂದು ಗೋಡೆಗೆ ಅಂಗೈ ಇಟ್ಟ.

“ಏನೂ ನಡಗವಲ್ದಲ್ರೀ,” ಎಂದ.

“ಚಾಲೂ ಮಾಡಸ್ರಿ. ಆಮ್ಯಾಲ ಕೈ ಇಡ್ರಿ,” ಎಂದಳು ಅವ್ವ.

ಹಿಂದೆ ನಿಂತಿದ್ದ ಕಾಕಾ ಬಹಳ ವಿನಯದಿಂದ, “ವೈನೀ, ಇವತ್ತ ಲೈಟ್ ಇಲ್ಲ,” ಎಂದ. ನಮ್ಮ ಅಡುಗೆಮನೆಯ ಬಲ್ಬು ಅವರ ನೆತ್ತಿಯ ಮೇಲೆ ಉರಿಯುತ್ತಿತ್ತು. ಅಧಿಕಾರಿ ಅದನ್ನು ನೋಡಿದ. ನೋಡಿ, ಕರವಸ್ತ್ರದಿಂದ ಕೈ ಒರೆಸಿಕೊಂಡು ಹೊರಟುಹೋದ.

ಅಲ್ಲಿಂದ ಕೋರ್ಟು; ಗಿರಣಿ ತೆಗೆಸಬೇಕೆಂದು ಅಪ್ಪ ದಾವೆ ಹೂಡಿದ. ಖಾನಾಪುರದಲ್ಲಿ ತನಗೆ ನ್ಯಾಯ ಸಿಗುವುದಿಲ್ಲ ಎಂದು ಹೇಳಿ ಕಾಕಾ ಖಟ್ಲೆಯನ್ನು ಬೆಳಗಾವಿಗೆ ವರ್ಗ ಮಾಡಿಸಿದ. ಅಪ್ಪನನ್ನು ಬಸ್ಸಿನಲ್ಲಿ ಓಡಾಡಿಸಿ ದಣಿಸುವುದೇ ಅದರ ಉದ್ದೇಶ. ಆಗ ನಾನು ಬೆಳಗಾವಿಯಲ್ಲಿ ಕಾಲೇಜು ಓದುತ್ತ ಹಿಂದವಾಡಿಯ ಸೋದರಮಾವನ ಮನೆಯಲ್ಲಿದ್ದೆ. ತಾರೀಖಿನ ದಿನ ಅಪ್ಪ ಬಂದರೆ ನಾನೂ ಜೊತೆಗೆ ಹೋಗುತ್ತಿದ್ದೆ. ನಮ್ಮ ವಕೀಲರ ಮನೆ ಶಿವಬಸವ ನಗರದಲ್ಲಿತ್ತು. ಅಲ್ಲಿ ಅವರ ಜಗುಲಿಯ ಮೇಲೆ ಕೂತು, ಅಲ್ಲಿಂದ ಕೋರ್ಟಿನ ವರಾಂಡದಲ್ಲಿ ಕೂತು, ಮಧ್ಯಾಹ್ನದ ಹೊತ್ತಿಗೆ ಮುಂದಿನ ತಾರೀಖು ಹಿಡಿದುಕೊಂಡು ಬರುವುದು. ಒಮ್ಮೆ ಜಡ್ಜ್ ಸಾಹೇಬರು ರಜೆ, ಒಮ್ಮೆ ಆ ಕಡೆಯ ವಕೀಲರಿಗೆ ಮದುವೆ, ಒಮ್ಮೆ ಗಡಿ ಗಲಾಟೆಯಿಂದ ಊರೇ ಬಂದ್. ಕಾಯ್ದೆ ಕುರುಡು ಎನ್ನುತ್ತಾರೆ. ನಾನು ನೋಡಿದ ಕಾಯ್ದೆಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು; ಯಾರು ಮೊದಲು ಸುಸ್ತಾಗುತ್ತಾರೆ ಎಂದು ಅದು ನೋಡುತ್ತ ಕೂತಿತ್ತು.

ಗಿರಣಿಯ ಮಾಲೀಕ ಕಾಕಾ. ಆದರೆ ನಡೆಸುತ್ತಿದ್ದವಳು ಅವನ ಹೆಂಡತಿ, ನಮ್ಮ ಕಾಕು. ಕಾಕಾ ಪಕ್ಷದ ಕೆಲಸವೆಂದು ಬಿಳಿ ಬಟ್ಟೆ ತೊಟ್ಟು ಊರೂರು ತಿರುಗುತ್ತಿದ್ದ. ಸರಕಾರ ಬದಲಾದಾಗ ಪಕ್ಷವನ್ನೂ ಬದಲಿಸಿದ. ಬಟ್ಟೆ ಮಾತ್ರ ಅದೇ. ಮಕ್ಕಳಿಲ್ಲದ ಕಾಕು ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಮುಂದೆ ನಿಂತು ಹಿಟ್ಟು ತುಂಬಿಕೊಡುತ್ತಿದ್ದಳು. ಹುಬ್ಬು, ರೆಪ್ಪೆ ಎಲ್ಲ ಬಿಳಿ. ಬರಬರುತ್ತ ಕೆಮ್ಮು ಹತ್ತಿತು. ಮೋಟಾರು ನಿಂತ ಮೇಲೂ ಗೋಡೆಯಾಚೆಯಿಂದ ಆ ಕೆಮ್ಮು ನಮಗೆ ಕೇಳುತ್ತಿತ್ತು. ಹುಳಿ ತಿನ್ನುವುದರಿಂದ ಹಾಗಾಗಿದೆ ಎಂದು ಕಾಕಾ ಎಲ್ಲರಿಗೂ ಹೇಳುತ್ತಿದ್ದ.

ಎರಡು ಮನೆಗಳ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ನಾನು ರಜೆಗೆ ಬಂದಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಕಾಕು ಹಿತ್ತಲ ಬಾಗಿಲಿನಿಂದ ಒಳಗೆ ಬಂದು ನಿಂತಳು.

“ಅಕ್ಕಾ, ಒಂದ್ ಗಳಿಗಿ ಕುಂದರ್ತೇನಿ. ಅಲ್ಲಿ ಉಸಿರ ಬರವಲ್ದು.”

ಅವ್ವ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. “ಕುಂದರು. ಆದ್ರ ನಿನ್ನ ಗಂಡನ ಮಾತು ಈ ಮನ್ಯಾಗ ತಗೀಬ್ಯಾಡ,” ಎಂದು ನೀರು ಕೊಟ್ಟಳು.

ಅಂದಿನಿಂದ ಕರೆಂಟು ಹೋದಾಗಲೆಲ್ಲ ಕಾಕು ಬರುತ್ತಿದ್ದಳು. ಅವ್ವನೂ ಅವಳೂ ಕಾಳು ಹಸನು ಮಾಡುತ್ತ ಕೂರುತ್ತಿದ್ದರು. ನಮ್ಮ ಖಟ್ಲೆ ಸಾಕ್ಷಿಗೆ ಬಂದಿದೆ ಎಂಬುದು ಗೊತ್ತಾದ ದಿನ ಅವಳು, “ನಾನೂ ಕೋರ್ಟಿಗೆ ಬರ್ತೇನಿ,” ಎಂದಳು.

“ಯಾಕ, ನಮ್ಮ ವಿರುದ್ಧ ಹೇಳಾಕ?”

“ಇಲ್ಲಕ್ಕಾ. ಇದ್ದದ್ದು ಹೇಳಾಕ.”

ಅಪ್ಪನಿಗೆ ದಿಗಿಲು ಹತ್ತಿತು. “ಬ್ಯಾಡ. ಮನಿ ಮುರೀತೈತಿ,” ಎಂದ.

“ಅದು ಯಾವತ್ತೋ ಮುರದೈತಿ. ಮುರದದ್ದಕ್ಕ ನೀವ ಅಲ್ಲೇನ್ರಿ ಗ್ವಾಡಿ ಕಟ್ಟಿದವರು?” ಎಂದಳು ಅವ್ವ.

ಕಾಕು ಬೆಳಗಾವಿಯ ಕೋರ್ಟಿನಲ್ಲಿ ಕಟಕಟೆ ಹತ್ತಿದಾಗ ಕಾಕಾ ಮುಂದಿನ ಬೆಂಚಿನಲ್ಲಿದ್ದ. ಅವಳು ಅವನ ಕಡೆ ನೋಡಲಿಲ್ಲ. ಗಿರಣಿ ಯಾವಾಗ ಶುರುವಾಗುತ್ತದೆ, ಗೋಡೆ ಹೇಗೆ ನಡುಗುತ್ತದೆ, ಅಧಿಕಾರಿ ಬಂದ ದಿನ ಫ್ಯೂಜು ತೆಗೆದವರು ಯಾರು, ಎಲ್ಲ ಹೇಳಿದಳು. ನಡುನಡುವೆ ಕೆಮ್ಮಿದಳು. ಕಾಕಾನ ವಕೀಲರು ಎದ್ದು ನಿಂತರು.

“ಗಂಡನ ಮ್ಯಾಲ ನಿಮಗ ಸಿಟ್ಟು ಐತಿ, ಹೌದಲ್ರೀ?”

“ಐತ್ರಿ.”

“ಹಂಗಾರ ಆ ಸಿಟ್ಟಿಗೆ ಸುಳ್ಳು ಹೇಳಾಕತ್ತೀರಿ.”

“ಸಿಟ್ಟಿಗೆ ಖರೇ ಹೇಳಾಕತ್ತೇನ್ರಿ. ಸುಳ್ಳು ಹೇಳೂದಿದ್ರ ಮನ್ಯಾಗ ಇದ್ದು ಹೇಳತಿದ್ದೆ.”

ವರಾಂಡದವರೆಗೂ ನಗು ಹರಿಯಿತು. ನನಗೆ ಆಗ ಗೆದ್ದೆವು ಅನ್ನಿಸಿತ್ತು. ಅವಳು ಆಡಿದ್ದು ಕನ್ನಡ, ಅದನ್ನು ಬರೆದುಕೊಂಡದ್ದು ಇಂಗ್ಲಿಷಿನಲ್ಲಿ. ಆಮೇಲೆ ನಕಲು ತರಿಸಿ ಓದಿದೆ. ತಾಟುಗಳ ಸದ್ದು, ಹಾಲಿನ ಮೇಲಿನ ಧೂಳು, ನಿಲ್ಲದ ಕೆಮ್ಮು ಎಲ್ಲ ಸೇರಿ ಅಲ್ಲಿ ‘ಸ್ವಲ್ಪ ಅನಾನುಕೂಲ’ ಎಂಬ ಅರ್ಥದ ಎರಡು ಪದಗಳಾಗಿದ್ದವು. ಅಷ್ಟು ನಯವಾಗಿ ಬೀಸುವ ಗಿರಣಿ ಕಾಕಾನ ಹತ್ತಿರವೂ ಇರಲಿಲ್ಲ.

ಕಾಕು ಅಂದು ಖಾನಾಪುರದ ಮನೆಗೆ ಹೋಗಲಿಲ್ಲ. ನನ್ನ ಜೊತೆ ಹಿಂದವಾಡಿಗೆ ಬಂದು ತಂಗಿ, ಮರುದಿನ ಹಲಸಿಯಲ್ಲಿದ್ದ ತನ್ನ ಅಣ್ಣನ ಮನೆಗೆ ಹೋದಳು. ಕೆಲವು ತಿಂಗಳ ಮೇಲೆ ತೀರ್ಪು ಬಂತು. ಗಿರಣಿಯ ಲೈಸೆನ್ಸು ಕ್ರಮಬದ್ಧವಾಗಿದೆ, ಹೆಂಡತಿಯ ಸಾಕ್ಷಿ ಗಂಡನ ಮೇಲಿನ ಮುನಿಸಿನಿಂದ ಹುಟ್ಟಿದ್ದು, ನಂಬಲು ಬರುವುದಿಲ್ಲ, ದಾವೆ ವಜಾ. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು, “ಇಷ್ಟರ ಮಟ್ಟಿಗೆ ಮುಗೀತಲ್ಲ,” ಎಂದ. ಅವನ ದನಿಯಲ್ಲಿದ್ದ ಸಮಾಧಾನ ಕೇಳಿ ನನಗೆ ಮೈಯೆಲ್ಲ ಉರಿಯಿತು.

ಎಂಬತ್ತರ ದಶಕದಲ್ಲಿ ಒಂದು ಚುನಾವಣೆಗೆ ಕಾಕಾ ನಿಂತ. ಆ ಹೊತ್ತಿಗೆ ನನಗೆ ಬೆಳಗಾವಿಯಲ್ಲಿ ಕೆಲಸವಾಗಿತ್ತು. ಕಾಕುವನ್ನು ನೋಡಲು ಹಲಸಿಗೆ ಹೋಗಿದ್ದ ದಿನವೇ ಅವನ ಜೀಪು ಅಲ್ಲಿಗೆ ಬಂತು. ಪಕ್ಷದ ಇಬ್ಬರು ಜೀಪಿನ ಹತ್ತಿರ ನಿಂತರು. ಕಾಕಾ ಕಟ್ಟೆಯವರೆಗೆ ಬಂದ.

“ಮಂದಿ ಕೇಳಾಕತ್ತಾರ. ಇಲೆಕ್ಷನ್ ಮುಗಿಯೂತನಕಾರ ಮನಿಗೆ ಬಾ,” ಎಂದ ತಗ್ಗಿದ ದನಿಯಲ್ಲಿ.

“ಗಿರಣಿ ತಗದೀರೇನು?”

“ಅದಕ್ಕೂ ಇದಕ್ಕೂ ಏನ್ ಸಂಬಂಧ?”

ಕಾಕು ಕೈಯಲ್ಲಿದ್ದ ಮೊರವನ್ನು ಕೆಳಗಿಡದೆ ಶೇಂಗಾ ಹೊಟ್ಟು ಕೇರುತ್ತಲೇ ಇದ್ದಳು. “ಹಂಗಾರ ನೀವ್ ಹೋಗ್ರಿ. ಮಂದಿ ಕೇಳಿದ್ರ, ಕೆಮ್ಮ ಬಂದು ಬಿಟ್ಟು ಹೋದ್ಲು ಅಂತ ಹೇಳ್ರಿ.”

ಅವನು ನನ್ನ ಕಡೆ ತಿರುಗಿದ. “ಸಾಲಿ ಕಲತು ಇದನ್ನ ಕಲಿಸಿದಿ ಏನ ಅಕಿಗೆ?”

“ನಾ ಕಲಿಸಿಲ್ಲ ಕಾಕಾ. ಮೊದಲ ಕಲಿಸಬೇಕಿತ್ತು,” ಎಂದೆ.

ಜೀಪು ಹೊರಟುಹೋಯಿತು. ಆ ಚುನಾವಣೆಯಲ್ಲಿ ಅವನು ಗೆದ್ದ. ಹೆಂಡತಿ ಬಿಟ್ಟು ಹೋದದ್ದು, ಎರಡು ಪಕ್ಷ ತಿರುಗಿದ್ದು ಯಾವುದೂ ಯಾರಿಗೂ ಅಡ್ಡ ಬರಲಿಲ್ಲ. ಮಾತಾಡಿಸಿದರೆ ನಗುತ್ತಾನೆ, ಸತ್ತವರ ಮನೆಗೆ ತಪ್ಪದೆ ಬರುತ್ತಾನೆ ಎಂದು ಓಣಿಯವರು ಹೊಗಳಿದರು. ಓಟು ಹಾಕಲು ನಮ್ಮ ಜನಕ್ಕೆ ಅಷ್ಟು ಸಾಕು.

ಕಾಕುವಿನ ಪುಪ್ಪುಸಕ್ಕೆ ಹತ್ತಿದ ರೋಗ ಪೂರ್ತಿ ಬಿಡುವುದಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಆದರೂ ಹಲಸಿಯ ಗಾಳಿಗೆ ಅವಳು ಬದುಕಿದಳು. ಅಣ್ಣನ ಹೊಲದಲ್ಲಿ ಓಡಾಡುವಷ್ಟು ಕಸುವೂ ಬಂತು. ಕಾಕಾನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸಬೇಕೆಂದು ಅನ್ನಿಸಿಯೂ ಇಲ್ಲ.

ಅಂದು ಚುನಾವಣೆ ಗೆದ್ದ ಕಾಕಾನ ಮೆರವಣಿಗೆ ಓಣಿಗೆ ಬಂದಾಗ ಅಪ್ಪ ಹೊರಗೆ ಹೋಗಿ ತಮ್ಮನ ಕೊರಳಿಗೆ ಹಾರ ಹಾಕಿದ. “ಏನಾದ್ರೂ ತಮ್ಮ ಅಲ್ಲೇನ,” ಎಂದು ಒಳಗೆ ಬಂದು ಸಮಜಾಯಿಷಿ ಕೊಟ್ಟ. ಅವ್ವ ನಾಲ್ಕು ಸೀರೆ ಗಂಟು ಕಟ್ಟಿಕೊಂಡು ಮರುದಿನ ಬೆಳಿಗ್ಗೆ ಹಲಸಿಯ ಬಸ್ಸು ಹತ್ತಿದಳು. ನೆಗೆಣ್ಣಿಯರಿಬ್ಬರೂ ಅಲ್ಲಿ ಸುಖವಾಗಿದ್ದರು. ಇತ್ತ ರೊಟ್ಟಿ ಬಡಿಯಲು ಬಾರದ ಅಪ್ಪ ಕೆಲವು ದಿನ ಅವಲಕ್ಕಿ ತಿಂದು, ಕೊನೆಗೆ ಅಡುಗೆಯವನನ್ನು ಇಟ್ಟುಕೊಂಡಿದ್ದ ತಮ್ಮನ ಮನೆಗೇ ಊಟಕ್ಕೆ ಹೋಗತೊಡಗಿದ. ಆ ಸುದ್ದಿ ಹಲಸಿಗೆ ತಲುಪಿದ ಮೇಲೆ, ಮರುವಾರ ಖಾನಾಪುರಕ್ಕೆ ಹೊರಡಬೇಕೆಂದಿದ್ದ ಅವ್ವ ಮತ್ತೊಂದು ತಿಂಗಳು ಅಲ್ಲೇ ಉಳಿದಳು.