ರಾಜನ ಪಾರ್ಟು

ಮೈಲಾರಿ ಕಾಕಾಗೆ ನಿಂತಲ್ಲಿ ನಿಲ್ಲಲು ಬರುವುದಿಲ್ಲ. ಅಮ್ಮಿನಬಾವಿಯ ಈ ಮನುಷ್ಯ ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ರಾಜನಾಗಿ ಮೆರೆದವರು. ಕಂಪನಿ ಮುಚ್ಚಿದ ಮೇಲೆ ಧಾರವಾಡದ ಕಲ್ಯಾಣ ಮಂಟಪವೊಂದರಲ್ಲಿ ಕುರ್ಚಿ ಹಾಕುತ್ತಾರೆ. ಅದೇ ಕಂಪನಿಯಲ್ಲಿ ರಾಣಿಯಾಗಿದ್ದ ಹೆಂಡತಿ ಗೌರಕ್ಕ ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುತ್ತಾರೆ.

ನನ್ನ ಗೆಳತಿ ಚಿನ್ಮಯೀ ಅವಕಾಶ ಸಿಗದ ನಟರ ಬಗ್ಗೆ ಒಂದು ನಗೆ ಸಿನಿಮಾ ತೆಗೆಯಲು ಹೊರಟಳು. ಬಾಡಿಗೆ ಕ್ಯಾಮೆರಾ, ಸತ್ತೂರಿನ ಖಾಲಿ ಅಂಗಡಿಯೇ ಸೆಟ್ಟು, ಮೈಕ್ ಹಿಡಿಯಲು ನಾನು. ಕಾಕಾಗೆ ಸಿಕ್ಕಿದ್ದು ಒಂದೇ ದೃಶ್ಯ. ಸಿನಿಮಾ ಆಫೀಸಿನವನು "ನಿಮಗ ತಕ್ಕ ಪಾರ್ಟು ಇಲ್ರಿ" ಅನ್ನಬೇಕು. ಕಾಕಾ ಬಾಗಿಲಲ್ಲಿ ತಿರುಗಿ, "ರಾಜನ ಪಾರ್ಟು ಖಾಲಿ ಆದ್ರ ಫೋನ್ ಮಾಡ್ರಿ. ಕಿರೀಟ ನಂದ ಐತಿ" ಎಂದು ಹೊರಟುಹೋಗಬೇಕು. ವಾರವಿಡೀ ಗೌರಕ್ಕ ಆಫೀಸಿನವನ ಮಾತು ಹೇಳಿ ಹೇಳಿ ತಾಲೀಮು ಮಾಡಿಸಿದ್ದರು.

ಕಾಕಾ ಚೆನ್ನಾಗಿಯೇ ಹೇಳಿದರು, ಹೊರಟರು. ಚಿನ್ಮಯೀ ಕಟ್ ಅನ್ನುವ ಮೊದಲೇ, ಹೊರಗೆ ಶೂಟಿಂಗ್ ನೋಡುತ್ತ ನಿಂತವರಲ್ಲಿ ಯಾರೋ "ಒನ್ಸ್ ಮೋರ್!" ಎಂದು ಕೂಗಿದ. ಕಂಪನಿ ನಾಟಕದಲ್ಲಿ ಹಾಗೆ ಕೂಗಿದರೆ ಆಡಿದ್ದನ್ನು ಮತ್ತೆ ಆಡಲೇಬೇಕು. ಕಾಕಾ ಸೀದಾ ಒಳಗೆ ಬಂದು, ಕ್ಯಾಮೆರಾಕ್ಕೆ ಕೈಮುಗಿದು, ಮೊದಲಿಂದ ಶುರುಮಾಡಿದರು.

"ಕಾಕಾ, ಇದು ನಾಟಕ ಅಲ್ರಿ!" ಚಿನ್ಮಯೀ ತಲೆ ಹಿಡಿದುಕೊಂಡಳು. ಮತ್ತೆ ತೆಗೆಯೋಣವೆಂದರೆ ಬೆಳಕು ಹೋಗಿತ್ತು, ಕ್ಯಾಮೆರಾ ವಾಪಸ್ ಕೊಡುವ ಹೊತ್ತೂ ಆಗಿತ್ತು. "ಈ ಸೀನ್ ಉಳೀತದೋ ಇಲ್ಲೋ, ಈಗ ಹೇಳ್ಲಿಕ್ಕಾಗೂದಿಲ್ರಿ."

ಅಂದಿನಿಂದ ಎಂಟು ತಿಂಗಳು ಕಾಕಾ ನನ್ನ ಜೀವ ತಿಂದರು. ಮುಂಜಾನೆ ಫೋನು: "ತಮ್ಮಾ, ಉಳದೈತೇನೋ?" ಸಂಜೆ ಮನೆಗೇ ಬಂದು, ಒಳಗೆ ಕೂರದೆ, ಬಾಗಿಲಲ್ಲೇ ಅಡ್ಡಾಡುತ್ತಿದ್ದರು. ನನಗೇನು ಗೊತ್ತು? ಸಿಟ್ಟು ಬರುತ್ತಿತ್ತು, ಆಮೇಲೆ ಪಾಪ ಅನ್ನಿಸುತ್ತಿತ್ತು.

ಧಾರವಾಡದ ಸಣ್ಣ ಸಭಾಂಗಣದಲ್ಲಿ ಸಿನಿಮಾ ತೋರಿಸಿದ ದಿನ ಕಾಕಾ ನಾಲ್ಕು ಸಲ ಎದ್ದುಹೋಗಿ ನೀರು ಕುಡಿದು ಬಂದರು. ಕೊನೆಗೆ ಪರದೆಯ ಮೇಲೆ ಆ ಅಂಗಡಿ ಬಂತು. ಉಳಿದಿತ್ತು! "ಕಿರೀಟ ನಂದ ಐತಿ" ಎಂದದ್ದೇ ತಡ, ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನಿಂದ ಕೂಗು ಬಂತು: "ಒನ್ಸ್ ಮೋರ್!"

ಪರದೆಗೆ ಕಿವಿಯಿಲ್ಲ. ಅಲ್ಲಿ ಆಗಲೇ ಬೇರೆ ಯಾರೋ ಬಸ್ಸು ಹತ್ತುತ್ತಿದ್ದ. ಕಾಕಾ ಅರ್ಧ ಎದ್ದವರು, ಹಳೆಯ ತಪ್ಪು ನೆನಪಾಗಿ, ನನ್ನ ಮುಖ ನೋಡಿ ಕುಳಿತುಬಿಟ್ಟರು.

ಆಗ ಪಕ್ಕದಲ್ಲಿದ್ದ ಗೌರಕ್ಕ ಸೆರಗು ಸರಿಮಾಡಿಕೊಂಡು, ಕಡೆಯ ಸಾಲಿಗೂ ಕೇಳುವಂತೆ ಹೇಳಿದರು: "ನಿಮಗ ತಕ್ಕ ಪಾರ್ಟು ಇಲ್ರಿ."

ಕಾಕಾ ಎದ್ದು ನಿಂತರು.